ಯಾರದೂ ಅಲ್ಲದ ಸರದಿ

ಇಲ್ಲಮ್ಮ, ಆ ಕಡೆ ಹೋಗಿ ನೋಡಿಕೊಂಡೇ ಬಂದೆ. ಅಲ್ಲಿ ದಾರಿ ಮುಗಿದುಹೋಗುತ್ತೆ. ಒಂದು ಕಬ್ಬಿನ ಗದ್ದೆ, ಒಂದು ನಾಯಿ, ಅಷ್ಟೇ. ನಾಯಿಗೆ ನನ್ನ ಛತ್ರಿ ಹಿಡಿಸಲಿಲ್ಲ. ಅದಕ್ಕೇ ವಾಪಸು ಬಂದು ನಿಮ್ಮನ್ನ ಕೇಳ್ತಿದ್ದೀನಿ... ನೀರುಗಂಟಿ ಮರಿಸಿದ್ದಯ್ಯನವರ ಮನೆಗೆ ಹೇಗೆ ಹೋಗಬೇಕು? ನಾಲೆ ನೀರನ್ನ ಸರದಿ ಪ್ರಕಾರ ಗದ್ದೆಗದ್ದೆಗೆ ಬಿಡ್ತಾರಲ್ಲ, ಆ ಮರಿಸಿದ್ದಯ್ಯ. ಬಂಡೂರು ದಾಟಿ ಎರಡನೇ ಸ್ಟಾಪು ಅಂತ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೆ. ಕಂಡಕ್ಟರ್ ಮೊದಲನೇದರಲ್ಲೇ ಇಳಿಸಿಬಿಟ್ಟ. "ಇಳೀರಮ್ಮ, ಎಲ್ಲಾ ಒಂದೇಯ, ನಡ್ಕಂಡ್ ಓದ್ರೆ ಸಿಕ್ತದೆ" ಅಂದ. ಒಂದು ಗಂಟೆಯಿಂದ ನಡ್ಕಂಡೇ ಇದ್ದೀನಿ. ಮ್ಯಾಂಚೆಸ್ಟರಿನ ಮಂಜಿನಲ್ಲಿ ದಾರಿ ತಪ್ಪಿದ್ದೀನಿ, ನೈರೋಬಿಯಲ್ಲಿ ತಪ್ಪಿದ್ದೀನಿ. ಹುಟ್ಟಿದ ಜಿಲ್ಲೆಯಲ್ಲಿ ದಾರಿ ಕೇಳೋದು ಇವತ್ತೇ ಮೊದಲು.

ಬಾಯಿ ತುಂಬ ಎಲೆಯಡಿಕೆ ಅಂತ ಕಾಣುತ್ತೆ. ಪರವಾಗಿಲ್ಲ, ಕೈಯಲ್ಲೇ ತೋರಿಸಿ. ಹೊರೆ ಇಳಿಸಬೇಕಾ? ಇರಿ, ನಾನೂ ಒಂದು ಕೈ ಕೊಡ್ತೀನಿ... ಹುಲ್ಲು ಇಷ್ಟು ಭಾರ ಇರುತ್ತಾ. ಅಯ್ಯೋ, ಕಟ್ಟು ಬಿಚ್ಚಿಕೊಂಡಿತು, ನನ್ನಿಂದಲೇ. ನೀವೇ ಕಟ್ಟಿ ಬಿಡಿ, ನನಗೆ ಬರಲ್ಲ. ಓ, ಬುಡವನ್ನ ನೆಲಕ್ಕೆ ಒಂದು ಸಲ ಕುಟ್ಟಿ, ಪಕ್ಕಕ್ಕೆ ತಿರುಗಿಸಿ ಇನ್ನೊಂದು ಸಲ ತಟ್ಟಿ... ಎಲ್ಲಾ ಅಂಚೂ ಒಂದೇ ಸಮ. ಹುಲ್ಲನ್ನ ಹಾಗೆ ನೇರ ಮಾಡೋದನ್ನ ನಾನು ಎಲ್ಲೂ...

ಏನಿಲ್ಲ. ಬಿಸಿಲು. ಒಂದು ಗಳಿಗೆ ತಲೆ ಗಿಮ್ ಅಂದಿತು.

ಮುಂದೆ ನಡೀರಿ, ಹಿಂದೆಯೇ ಬರ್ತೀನಿ. ಈ ಕಾಲುವೆ ಏರಿ ಮೇಲೇನಾ? ನೀರೇ ಇಲ್ಲವಲ್ಲ ಇದರಲ್ಲಿ. ಹ್ಞಾ, ಮಳವಳ್ಳಿ ಕಡೆಯೋರದು ನಾಲೆಯ ಕೊನೆ, ಮೇಲಿನವರು ಕುಡಿದು ಮಿಕ್ಕಿದ್ದು ಇಲ್ಲಿಗೆ. ಅದು ಗೊತ್ತು ನನಗೆ. ಅದೊಂದು ಚೆನ್ನಾಗಿಯೇ ಗೊತ್ತು.

ನಾನು ರಂಗನಾಯಕಿ ಅಂತ. ಮಂಡ್ಯದಲ್ಲಿ ಕಾಲೇಜಿನಲ್ಲಿ ಪಾಠ ಹೇಳ್ತೀನಿ. ಈ ವರ್ಷ ಹೊಸದೊಂದು ಕೋರ್ಸು ಶುರು ಮಾಡಿದ್ದೀನಿ, ಸಾಫ್ಟ್‌ವೇರ್ ಎಂಜಿನಿಯರಿಂಗ್. ಕಂಪ್ಯೂಟರಿಗೆ ಕೆಲಸ ಹೇಳಿ ಬರೆಯೋ ವಿದ್ಯೆ. ನಮ್ಮ ಪ್ರಿನ್ಸಿಪಾಲರು ಅನಂತರಾಮು ಅಂತ, ಸೇತುವೆ ಕಟ್ಟೋ ಪಾಠ ಹೇಳಿದ ಮನುಷ್ಯ. ಹೆಸರು ಕೇಳಿದವರೇ, "ಅಲ್ಲಮ್ಮ ರಂಗನಾಯಕಿ, ಸಾಫ್ಟ್ ಅಂದ ಮೇಲೆ ಎಂಜಿನಿಯರಿಂಗ್ ಹೇಗಾಗುತ್ತೆ? ಹೋಗಲಿ, ಕಂಪ್ಯೂಟರ್ ಎಲ್ಲಿ?" ಅಂದರು. ಕಂಪ್ಯೂಟರ್ ಇಲ್ಲ. ಹುಡುಗರು ಚೌಕದ ಹಾಳೆ ಮೇಲೆ, ಒಂದೊಂದು ಮನೆಗೆ ಒಂದೊಂದು ಅಕ್ಷರ, ಪೆನ್ಸಿಲಿನಲ್ಲಿ ಬರೆದು ಕೊಡ್ತಾರೆ. ಅಟೆಂಡರ್ ದೇವಯ್ಯ ಅದನ್ನೆಲ್ಲ ತಗಡಿನ ಟ್ರಂಕಿಗೆ ತುಂಬಿ ಮಂಗಳವಾರದ ಬಸ್ಸಿಗೆ ಬೆಂಗಳೂರಿಗೆ ಒಯ್ತಾನೆ. ಅಲ್ಲಿ ಯಾರೋ ಹೆಣ್ಣುಮಕ್ಕಳು ಕೂತು ಕಾರ್ಡುಗಳಿಗೆ ತೂತು ಹೊಡೀತಾರೆ, ಯಂತ್ರ ಓದುತ್ತೆ, ಶುಕ್ರವಾರ ಉತ್ತರ ಬರುತ್ತೆ. ಒಂದು ಅಲ್ಪವಿರಾಮ ತಪ್ಪಿದ್ದರೆ ಶುಕ್ರವಾರ ಬರುತ್ತೆ, ಉತ್ತರ ಬರಲ್ಲ.

ಯಾಕೆ ನಗ್ತೀರಿ? ಯಾರೋ ಹೆಣ್ಣುಮಕ್ಕಳು ಅಂದದ್ದಕ್ಕಾ? ಅವರ ಹೆಸರೆಲ್ಲ ನನಗೆ ಹೇಗೆ ಗೊತ್ತಿರಬೇಕು... ಬಿಡಿ.

ನಿಧಾನಕ್ಕೆ ನಡೀರಿ, ಈ ಚಪ್ಪಲಿ ಸಿಂಗಪುರದ್ದು, ಇದಕ್ಕೆ ಕಾಲುವೆ ಏರಿ ಗೊತ್ತಿಲ್ಲ. ಇಂಥ ಕೋರ್ಸಿಗೆ ಕಟ್ಟುನಿಟ್ಟು ಇಲ್ಲದಿದ್ದರೆ ಆಗಲ್ಲ ಅಂತ ಏಳು ನಿಯಮ ಮಾಡಿ, ಸೈಕ್ಲೋಸ್ಟೈಲ್ ಮಾಡಿಸಿ, ಮೊದಲ ದಿನವೇ ಎಲ್ಲರಿಂದ ಸಹಿ ಹಾಕಿಸಿಕೊಂಡೆ. ಹಾಳೆ ಸೋಮವಾರ ನಾಲ್ಕು ಗಂಟೆಗೆ ನನ್ನ ಮೇಜಿನ ಮೇಲಿರಬೇಕು. ನಾಲ್ಕೂ ಐದಕ್ಕೆ ಬಂದರೆ ಮುಂದಿನ ವಾರದ ಟ್ರಂಕು. ನಿಡಘಟ್ಟದ ಬಸ್ಸು ಕೆಟ್ಟಿತು ಮೇಡಮ್ ಅಂತಾರೆ, ಅಜ್ಜಿಗೆ ಹುಷಾರಿಲ್ಲ ಅಂತಾರೆ. ಟ್ರಂಕಿಗೆ ಅಜ್ಜಿ ಇಲ್ಲ ಅಂತೀನಿ. ಆಮೇಲೆ, ನಾಲ್ಕು ನಾಲ್ಕು ಜನದ ತಂಡ. ಒಬ್ಬರು ಬರೆದದ್ದನ್ನ ಮಿಕ್ಕ ಮೂವರು ಓದಿ, ಅರ್ಥ ಆಯಿತು ಅಂತ ಸಹಿ ಹಾಕಬೇಕು. ಬರೆದವರು ನಾಳೆ ಎದ್ದು ಹೋದರೂ ಕೆಲಸ ನಿಲ್ಲಬಾರದಲ್ಲ. ಅವರು ಓದದೇ ಸಹಿ ಹಾಕ್ತಾರೆ, ಅದು ಬೇರೆ ಮಾತು.

ನಾಲ್ಕನೇ ನಿಯಮ ಹೇಳ್ತೀನಿ, ಅದಕ್ಕೇ ನಾನು ಬಂದಿರೋದು. ಯಾರಿಂದ ಏನು ಸಹಾಯ ಪಡೆದಿದ್ದರೂ ತಪ್ಪಿಲ್ಲ, ಆದರೆ ಅವರ ಹೆಸರನ್ನ ಮೊದಲನೇ ಹಾಳೆ ಮೇಲೆ ಬರೀಬೇಕು. ಬರೀದಿದ್ದರೆ ಅದು ಕಳ್ಳತನ. ಸೊನ್ನೆ ಅಂಕ, ಮೇಲೆ ಕಮಿಟಿ ವಿಚಾರಣೆ. ಈ ಒಂದು ನಿಯಮವನ್ನ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿಸಿದೆ. ಟೈಪಿಸ್ಟು ಕೇಳಿದಳು, ಇದೊಂದಕ್ಕೆ ಯಾಕೆ ಮೇಡಮ್ ದಪ್ಪ ಅಂತ. ಎಲ್ಲರಿಗೂ ಎಲ್ಲದಕ್ಕೂ ಕಾರಣ ಹೇಳ್ತಾ ಕೂರೋಕಾಗುತ್ತಾ?

ಇಲ್ಲಿ ನೆರಳಿದೆ. ಎರಡು ನಿಮಿಷ ಕೂರೋಣ. ಹೊಂಗೆ ಮರ ತಾನೆ? ಈ ತೂಬಿನ ಕಲ್ಲು ತಣ್ಣಗಿದೆ. ಇಲ್ಲ, ಕೂರಲ್ಲ, ಕೂತರೆ ಏಳೋಕಾಗಲ್ಲ. ನಿಂತೇ ಹೇಳ್ತೀನಿ. ಬಸ್ಸು ಎಷ್ಟು ಹೊತ್ತಿಗೆ, ಮೂರಕ್ಕಾ? ಮೂರು ಬೆರಳು. ಸರಿ.

ಮರಿಸಿದ್ದಯ್ಯನವರ ಚಿಕ್ಕ ಮಗಳು ಯಶೋದ ನನ್ನ ಕ್ಲಾಸಿನಲ್ಲಿದ್ದಾಳೆ. ಅರವತ್ತು ಹುಡುಗರ ನಡುವೆ ಒಬ್ಬಳೇ. ಗೊತ್ತಾ ನಿಮಗೆ? ಒಂದೇ ಊರು ಅಂದ ಮೇಲೆ ಗೊತ್ತಿರಬೇಕು. ನಾನು ಕೊಟ್ಟ ಲೆಕ್ಕ ಇಷ್ಟು. ಒಂದು ಕಾಲುವೆ, ನಲವತ್ತು ಗದ್ದೆ, ನೀರಿನ ಸರದಿ ಕಟ್ಟಿ. ಎಲ್ಲ ಹುಡುಗರೂ ಕಾಲುವೆ ತಲೆಯಿಂದ ಶುರು ಮಾಡಿದರು. ಯಶೋದ ಒಬ್ಬಳು ಕೊನೆ ಗದ್ದೆಯಿಂದ ಮೇಲಕ್ಕೆ ಬಂದಳು. ಸರದಿ ತಪ್ಪಿಸಿಕೊಂಡವನು ಮುಂದಿನ ಸುತ್ತಿನ ಹಿಂಬದಿಗೆ. ಪ್ರತಿ ಹತ್ತು ಸರದಿಗೆ ಒಂದು ಸರದಿ ಖಾಲಿ, ಯಾರ ಹೆಸರೂ ಇಲ್ಲ. ಅವತ್ತು ಪ್ರಿನ್ಸಿಪಾಲರು ಕಾಫಿ ಕುಡಿಯೋಕೆ ಅಂತ ನನ್ನ ರೂಮಿಗೆ ಬಂದವರು ಮೇಜಿನ ಮೇಲಿದ್ದ ಹಾಳೆ ತಿರುವಿ ನೋಡಿ, "ಅಲ್ಲಮ್ಮ, ಇದು ನಿಮ್ಮದೇ ಅಲ್ವಾ?" ಅಂದರು. ಅರವತ್ತೆಂಟರಲ್ಲಿ ನಾನು ಒಂದು ಲೇಖನ ಬರೆದಿದ್ದೆ, ಇಂಗ್ಲಿಷಿನ ಪತ್ರಿಕೆಯಲ್ಲಿ, ಆರು ಪುಟ. ಅದು ಅವರ ರೂಮಿನ ಗಾಜಿನ ಬೀರುವಿನಲ್ಲಿದೆ, ಬಂದವರಿಗೆಲ್ಲ ತೋರಿಸ್ತಾರೆ. ಅದರಲ್ಲಿರೋದೂ ಇದೇ. ಕೊನೆಯಿಂದ ಶುರು, ಹತ್ತಕ್ಕೊಂದು ಖಾಲಿ.

ಹುಡುಗಿ ಲೇಖನ ನೋಡಿ ಇಳಿಸಿದ್ದಾಳೆ, ಹೆಸರು ಹಾಕಿಲ್ಲ. ನಾನು ಹೇಳಿದ್ದಲ್ಲ, ಅವರೇ ಹೇಳಿದ್ದು. ನಾಳೆ ಶುಕ್ರವಾರ ಹತ್ತು ಗಂಟೆಗೆ ಕಮಿಟಿ. ತಪ್ಪು ಅಂತಾದರೆ ಒಂದು ವರ್ಷ ಹೊರಗೆ. ಸ್ಕಾಲರ್‌ಶಿಪ್ ಹೋಗುತ್ತೆ, ಹಾಸ್ಟೆಲ್ ಹೋಗುತ್ತೆ. ಒಂದು ವರ್ಷ ಊರಲ್ಲಿ ಕೂತ ಹುಡುಗಿ ಮತ್ತೆ ಕಾಲೇಜಿಗೆ ಬರ್ತಾಳಾ? ನಿಮಗೇ ಗೊತ್ತು.

ಅವಳು ಏನಂತಾಳೆ ಅಂತಾನಾ? ಅವಳು... ಏನೇನೋ ಅಂತಾಳೆ. ಹೆದರಿದ ಮಕ್ಕಳು ಹೇಳೋದು. ಹೆಸರು ಬರೆದಿದ್ದೆ ಅಂತಾಳೆ. ಎಲ್ಲಿ ಬರೆದಿದ್ದೆ ಅಂದರೆ ಹಾಳೆಯಲ್ಲಿ ಅಂತಾಳೆ. ಹಾಳೆಯಲ್ಲಿ ಇಲ್ಲ.

ಅದಕ್ಕೇ ನಾನೇ ಒಂದು ದಾರಿ ಯೋಚನೆ ಮಾಡಿ, ಒಂದು ದಿನ ರಜ ಹಾಕಿ, ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ, ಒಂದು ವಡೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಬಂದಿದ್ದೀನಿ. ಇಗೋ ಈ ಕಾಗದ. ಹುಡುಗಿಯಿಂದ ತಿಳಿಯದೆ ತಪ್ಪಾಯಿತು, ಕ್ಷಮಿಸಿ, ಅಂತ. ಮನೆಯವರು ಯಾರಾದರೂ ಸಹಿ ಹಾಕಿದರೆ ಕಮಿಟಿ ಕೂರೋದೇ ಇಲ್ಲ. ಅವಳನ್ನ ಯಾರೂ ಏನೂ ಕೇಳಲ್ಲ. ಒಂದು ಸೊನ್ನೆ, ಅಷ್ಟರಲ್ಲಿ ಮುಗಿಯುತ್ತೆ. ಉಪಕಾರ ತಾನೆ ಇದು?

ನಿಮಗೆ ಆ ಮನೆಯವರು ಬೇಕಾದವರು ಅನ್ನಿಸುತ್ತೆ. ಒಂದು ಕೆಲಸ ಮಾಡಿ. ನೀವೇ ತಗೊಂಡು ಹೋಗಿ ಸಹಿ ಹಾಕಿಸಿಕೊಂಡು ಬನ್ನಿ. ನಾನು ಈ ಮರದ ಕೆಳಗೇ ಇರ್ತೀನಿ. ಅವಳು ಬರೆದ ಹಾಳೆಗಳೂ ಇವೆ, ತೋರಿಸೋಕೆ. ಕಾಗದ ಇಂಗ್ಲಿಷಿನಲ್ಲಿದೆ, ಓದಿ ಹೇಳ್ತೀನಿ ಕೊಡಿ... ಕೊಡಿ ಅಂದೆ.

ನಿಮ್ಮ ಕಣ್ಣು ಸಾಲಿನ ಮೇಲೆ ಓಡ್ತಿದೆ.

ಎಲೆಯಡಿಕೆ ಉಗುಳಿ ಆಗಲೇ ಎಷ್ಟು ಹೊತ್ತಾಯಿತು. ಏನಾದರೂ ಹೇಳಬಾರದಾ? ಓದಿ ಮುಗಿಯಿತಾ? ಮಡಿಸಿ ಪಕ್ಕಕ್ಕಿಟ್ಟಿರಿ. ಸರಿ, ಹಾಳೆಗಳನ್ನೂ ನೋಡಿ, ನನಗೇನು. ಅಗೋ, ಮತ್ತೆ ಅದೇ. ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ, ತೊಡೆ ಮೇಲೆ ತಟ್ಟಿ ನೇರ. ಹೆಬ್ಬೆರಳಿನಿಂದ ಮೂಲೆ ಸರ್ರನೆ ಬಿಟ್ಟು... ಮೂಲೆಯಲ್ಲೇನಿದೆ? ಪುಟದ ನಂಬರು. ನಂಬರು ಹಾಕಬೇಕು ಅಂತ ಅದೂ ಒಂದು ನಿಯಮ, ದೇವಯ್ಯ ಟ್ರಂಕು ಬೀಳಿಸಿದರೆ ಮತ್ತೆ ಜೋಡಿಸೋಕೆ.

ಯಾಕೆ ಅಲ್ಲೇ ನಿಂತಿರಿ? ಮೇಲಿನ ಹಾಳೆಯಲ್ಲೇ.

ಎರಡರಿಂದ ಶುರುವಾಗಿದೆ. ಹೌದು. ಕೆಲವರು ಹಾಗೆ... ಒಂದನ್ನ ಲೆಕ್ಕಕ್ಕೆ ಹಿಡಿಯಲ್ಲ. ಅಥವಾ ಬಸ್ಸಿನಲ್ಲಿ ಎಲ್ಲೋ ಬಿದ್ದಿರಬಹುದು, ನನ್ನ ಚೀಲ ನೋಡಿ ಹೇಗಿದೆ, ಜಿಪ್ಪು ಕೂರಲ್ಲ. ಹಾಗೆ ನೋಡಬೇಡಿ. ಏನಾದರೂ ಅನ್ನಿ. ಬಯ್ದುಬಿಡಿ ಬೇಕಾದರೆ. ಆಗಲೂ ಹೀಗೇ ಸುಮ್ಮನೆ ಕೂತಿರ್ತಿದ್ದೆ ನೀನು. ಯಂತ್ರ ನಿಂತುಹೋಗಿ ಎಲ್ಲರೂ ಕೂಗಾಡ್ತಿದ್ದರೆ ನೀನು ಸುಮ್ಮನೆ ಕಾರ್ಡು ತಟ್ಟಿಕೊಂಡು...

ನೀನು ಅಂದೆನಾ?

ಆಯಿತು. ಆಯಿತು ಹೊಂಬಾಳ. ದಾರಿ ಕೇಳಿದಾಗ ಗೊತ್ತಿರಲಿಲ್ಲ, ಅದೊಂದು ಸುಳ್ಳಲ್ಲ. ಹುಲ್ಲು ತಟ್ಟಿದೆಯಲ್ಲ, ಆಗ ಗೊತ್ತಾಯಿತು. ಬೆಂಗಳೂರಿನ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ದಿನಕ್ಕೆ ಎರಡು ಸಾವಿರ ಕಾರ್ಡು ತೂತು ಹೊಡೆದವಳ ಕೈ ಮರೆಯುತ್ತಾ ನನಗೆ? ನಿನಗೆ ನಾನು ದಾರಿ ಕೇಳಿದ ತಕ್ಷಣವೇ ಗೊತ್ತಾಗಿರಬೇಕು. ಎಲೆಯಡಿಕೆ ಒಳ್ಳೆ ಉಪಾಯ.

ಕೂರ್ತೀನಿ ಈಗ. ಸ್ವಲ್ಪ ಆ ಕಡೆ ಸರಿ.

ಅರವತ್ತೇಳನೇ ಇಸವಿ. ಕಂಪ್ಯೂಟರಿಗೆ ಹನ್ನೊಂದು ವಿಭಾಗದವರು ಕೆಲಸ ಕಳಿಸೋರು. ದೊಡ್ಡ ಸಾಹೇಬರದು ಯಾವಾಗಲೂ ಮೊದಲು, ಕಡೆಯವರದು ವಾರಗಟ್ಟಲೆ ಮುಂದೂಡಿಕೆ. ಸರದಿ ಸರಿಮಾಡು ಅಂತ ನನಗೆ ಒಪ್ಪಿಸಿದರು. ಎರಡು ತಿಂಗಳು ತಲೆ ಕೆರೆದುಕೊಂಡೆ. ನೀನು ಒಂದು ದಿನ ಕ್ಯಾಂಟೀನಿನಲ್ಲಿ ಕಾರ್ಡಿನ ಪೆಟ್ಟಿಗೆಯ ಹುರಿ ತಗೊಂಡು ಗಂಟು ಹಾಕ್ತಾ ಹೇಳಿದೆ. "ದೊಡ್ಡೋರ್ಗೆ ಮೊದ್ಲು ಬುಟ್ರೆ ಕೊನೆಯೋರ್ಗೆ ಏನ್ ಉಳೀತದೆ ನಾಯಕಮ್ಮೋರೆ? ಕೊನೆಯಿಂದ ಬನ್ನಿ. ನಮ್ಮಪ್ಪ ಇಂಗೇ ಮಾಡದು." ಒಂದೊಂದು ಗದ್ದೆಗೆ ಒಂದೊಂದು ಗಂಟು. ಹತ್ತು ಆದ ಮೇಲೆ ಒಂದು ಗಂಟು ದೂರ ಹಾಕಿದೆ. ಇದು ಯಾರದು ಅಂತ ಕೇಳಿದೆ ನಾನು. "ಯಾರ್ದೂ ಅಲ್ಲ, ಬುಡಿ" ಅಂದೆ ನೀನು. ಅಷ್ಟರಲ್ಲಿ ಗಂಟೆ ಹೊಡೆಯಿತು, ಎದ್ದು ಹೋದೆವು.

ಆಮೇಲೆ ನಿಮ್ಮಮ್ಮ ತೀರಿಕೊಂಡರು ಅಂತ ತಂತಿ ಬಂತು. ನೀನು ಊರಿಗೆ ಹೋದೆ. ತಂಗಿ ಚಿಕ್ಕವಳು, ನೋಡಿಕೊಳ್ಳೋಕೆ ಯಾರೂ ಇಲ್ಲ ಅಂತ ಅಲ್ಲೇ ಉಳಿದುಬಿಟ್ಟೆ. ನೀನು ಹೋದ ಮೊದಲ ಹದಿನೈದು ದಿನದಲ್ಲೇ ನಾನು ಕೂತು ಆರು ಪುಟ ಬರೆದೆ. ನಿನ್ನ ಹೆಸರು ಹಾಕಬೇಕು ಅಂತಲೇ ಇತ್ತು. ಕೊನೇ ಸಾಲಿನಲ್ಲಿ ಹಾಕೋಣ ಅಂತ ಜಾಗ ಕೂಡ ಬಿಟ್ಟಿದ್ದೆ. ಕಾರ್ಡು ಹೊಡೆಯೋಳ ಹೆಸರು ನೋಡಿ ಪತ್ರಿಕೆಯವರು ನಗ್ತಾರೇನೋ ಅನ್ನಿಸಿತು... ಇಲ್ಲ, ಅದೂ ಸುಳ್ಳು. ಅವರು ಯಾಕೆ ನಗ್ತಾರೆ, ಅವರಿಗೇನು ಗೊತ್ತು. ಒಂದೇ ಹೆಸರಿದ್ದರೆ ಚೆನ್ನಾಗಿ ಕಾಣುತ್ತೆ ಅನ್ನಿಸಿತು. ಅಷ್ಟೇ.

ಆ ಆರು ಪುಟದ ಮೇಲೆ ಕೂತು ನಾನು ಮ್ಯಾಂಚೆಸ್ಟರಿಗೆ ಹೋದೆ ಹೊಂಬಾಳ. ಅಲ್ಲಿಂದ ನೈರೋಬಿ, ಅಲ್ಲಿಂದ ಸಿಂಗಪುರ. ಯಾವ ಊರಲ್ಲೂ ಎರಡು ವರ್ಷ ನಿಲ್ಲಲಿಲ್ಲ. ನಿಂತ ಕಡೆಯೆಲ್ಲ ಯಾರೋ ಒಬ್ಬರು ಕೇಳ್ತಿದ್ದರು, ಆ ಖಾಲಿ ಸರದಿ ಯಾಕೆ ಅಂತ. ನನಗೆ ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಏನೇನೋ ಹೇಳಿ ತಪ್ಪಿಸಿಕೊಂಡೆ, ಹನ್ನೆರಡು ವರ್ಷ.

ಮೊನ್ನೆ ನಿನ್ನ ತಂಗಿ ಯಶೋದಳನ್ನ ಕರೆದು ಅದನ್ನೇ ಕೇಳಿದೆ. ಪ್ರಿನ್ಸಿಪಾಲರ ಎದುರಿಗೇ. ಲೇಖನ ನೋಡಿ ಇಳಿಸಿದ್ದರೆ ತಡವರಿಸ್ತಾಳೆ ಅಂತ... ತಡವರಿಸಲಿ ಅಂತ. ಅವಳು ನನ್ನನ್ನ ಪಾಪ ಅನ್ನೋ ಹಾಗೆ ನೋಡಿದಳು. "ಸಾವಾದ ಮನೆಯೋರು ಸೂತ್ಕ ಕಳ್ಯೋಗಂಟ ನೀರ್ ತಿರುಗ್ಸಕ್ಕೆ ಬರಂಗಿಲ್ಲ ಮೇಡಮ್. ಅಷ್ಟೊತ್ಗೆ ಅವ್ರ್ ಸರದಿ ಓಗಿರ್ತದೆ. ಅದುಕ್ಕೇ ಒಂದ ಎತ್ತಿಟ್ಟಿರ್ತಾರೆ, ಯಾರೂ ಮುಟ್ಟಂಗಿಲ್ಲ" ಅಂದಳು.

ನಿನ್ನ ಮನೆಯಲ್ಲಿ ಸೂತಕ ಇದ್ದ ಹದಿನೈದು ದಿನ. ಆಗ ನಾನು ಕೂತು ಬರೆದದ್ದು.

ಇರು, ಕಣ್ಣಿಗೆ ಧೂಳು ಬಿತ್ತು.

ಅವಳು ಹೆಸರು ಬರೆದಿದ್ದಳು. ನೀನು ಸರಿಯಾಗಿಯೇ ನೋಡಿದೆ. ಸೋಮವಾರ ಕಟ್ಟು ಬಿಚ್ಚಿದಾಗ ಮೊದಲನೇ ಹಾಳೆ, ಮೊದಲನೇ ಸಾಲು. "ಸಹಾಯ: ನಮ್ಮಕ್ಕ ಹೊಂಬಾಳಮ್ಮ." ನಾಲ್ಕನೇ ನಿಯಮ ಅರವತ್ತೊಂದು ಜನದಲ್ಲಿ ಅವಳೊಬ್ಬಳೇ ಪಾಲಿಸಿದ್ದಳು. ಹಾಳೆ ಕೈಯಲ್ಲಿ ಹಿಡಿದು ನಿಂತಿದ್ದೆ, ಬಾಗಿಲಲ್ಲಿ ಅನಂತರಾಮು ಬಂದರು. ಹಾಳೆ ಪರ್ಸಿನೊಳಕ್ಕೆ ಹೋಯಿತು. ಯೋಚನೆ ಮಾಡೋಕೆ ಟೈಮೇ ಇರಲಿಲ್ಲ. ಆಮೇಲೆ ಮೂರು ದಿನ ಟೈಮಿತ್ತು. "ಇದು ನಿಮ್ಮದೇ ಅಲ್ವಾ" ಅಂದರಲ್ಲ, ತಲೆಯಾಡಿಸಿದೆ. ಇವತ್ತು ಕಾಗದ ತಂದದ್ದು ಅವಳನ್ನ ಉಳಿಸೋಕಲ್ಲ. ಕಮಿಟಿ ಕೂತರೆ ಅವಳು ನಿನ್ನ ಹೆಸರು ಹೇಳ್ತಾಳೆ, ಅವರು ನಿನ್ನ ಕರೆಸ್ತಾರೆ.

ಹರೀತಿದ್ದೀಯಾ ಕಾಗದವನ್ನ? ಇಲ್ಲ... ಮಡಿಸಿ ನನಗೇ ವಾಪಸು ಕೊಡ್ತಿದ್ದೀಯ. ಹರಿದಿದ್ದರೆ ಒಳ್ಳೆಯದಿತ್ತು. ಸರಿ, ನಾನೇ ಹರೀತೀನಿ.

ಇಗೋ ಮೊದಲನೇ ಹಾಳೆ. ಕನ್ನಡಕದ ಡಬ್ಬಿಯಲ್ಲಿತ್ತು, ನಾಲ್ಕು ಮಡಿಕೆ. ಪರ್ಸಿನಿಂದ ಅಲ್ಲಿಗೆ ಬಂತು. ಎಲ್ಲಿಟ್ಟರೂ ಮೇಲೆ ಬರ್ತಿತ್ತು. ಹಿಡಿ, ಮೇಲೆ ಜೋಡಿಸು. ತಟ್ಟು. ಈಗ ಒಂದರಿಂದ ಶುರು.

ಕೊಡು, ಅದರ ಮೇಲೇ ಬರೀತೀನಿ. ಏನು ಬರೀಲಿ ಅಂತ ದಾರಿಯುದ್ದಕ್ಕೂ... ಇಲ್ಲ, ಈಗಲೇ ಯೋಚಿಸ್ತಿದ್ದೀನಿ. "ಯಶೋದ ನಿಯಮ ಪಾಲಿಸಿದ್ದಾಳೆ. ಈ ಹಾಳೆಯನ್ನು ತೆಗೆದಿಟ್ಟವಳು ನಾನು. 1968ರ ನನ್ನ ಲೇಖನದ ವಿಧಾನ ನನ್ನದಲ್ಲ, ಹೊಂಬಾಳಮ್ಮನದು. ಆಕೆಯ ಹೆಸರನ್ನು ನಾನು ಬರೆಯಲಿಲ್ಲ." ಸಾಕಾ? ನಾಳೆ ಹತ್ತು ಗಂಟೆಗೆ ಅನಂತರಾಮು ಇದನ್ನ ಓದಿ ಕನ್ನಡಕ ತೆಗೆದು ಒರೆಸ್ತಾರೆ. ಗಾಜಿನ ಬೀರು ಖಾಲಿಯಾಗುತ್ತೆ. ನನ್ನ ಕೋರ್ಸು ಇರುತ್ತೋ ಇಲ್ಲವೋ. ನಿಯಮ ಮಾತ್ರ ಚೆನ್ನಾಗಿತ್ತು ಹೊಂಬಾಳ, ಅದನ್ನ ಯಾರಾದರೂ ಇಟ್ಟುಕೊಳ್ಳಲಿ.

ಏನು? ಏನು ನೋಡ್ತಿದ್ದೀಯ?

ಪೆನ್ಸಿಲು. ಹೌದು. ಅಭ್ಯಾಸ, ಬೇಕಂತ ಅಲ್ಲ. ಇರು, ಇಂಕಿನ ಪೆನ್ನಿದೆ. ಅದರ ಮೇಲೇ ತಿದ್ದುತ್ತೀನಿ. "ನಾನು." "ನನ್ನದಲ್ಲ." ಇಂಕಿನಲ್ಲಿ ಬರೆದರೆ ಕಪ್ಪಗೆ ಕಾಣುತ್ತೆ.

ಈಗ ಪೆನ್ನು ಯಾಕೆ? ತಗೋ. ಕೈ ಇನ್ನೂ ನೆಟ್ಟಗಿದೆ ನಿನ್ನದು, ಒಂದು ಮನೆಗೆ ಒಂದು ಅಕ್ಷರ. ಮ... ಮರಿಸಿದ್ದಯ್ಯ. ನಿನ್ನ ಹೆಸರಿಗಿಂತ ಮೇಲೆ. ಹೌದಲ್ಲ, ನಿನಗೂ ಯಾರೋ ಹೇಳಿಕೊಟ್ಟದ್ದೇ. ನಾಲ್ಕನೇ ನಿಯಮ.

ನನ್ನ ಸಹಿ ಎಲ್ಲಿ? ಎಲ್ಲಕ್ಕಿಂತ ಕೆಳಗಾ? ಸರಿ, ನಾನು ಕೊನೆ ಗದ್ದೆ. ಮಧ್ಯೆ ಒಂದು ಸಾಲು ಖಾಲಿ ಬಿಟ್ಟಿದ್ದೀಯ... ಗೊತ್ತು, ಗೊತ್ತು. ಈ ಸಲ ಅದನ್ನ ಮುಟ್ಟಲ್ಲ. ಅದರ ಕೆಳಗೆ, ಇಲ್ಲಿ.

ರಂಗನಾಯಕಿ.

ಬೇಡ, ನನಗೆ ಕೊಡಬೇಡ. ನನ್ನ ಚೀಲದ ಜಿಪ್ಪು ಕೂರಲ್ಲ. ನಿನ್ನ ಹತ್ತಿರವೇ ಇರಲಿ, ಮೂರರ ಬಸ್ಸಿಗೆ ಜೊತೆಯಲ್ಲೇ ಹೋಗೋಣ. ನಾಳೆ ಅದನ್ನ ನೀನೇ ಅವರ ಕೈಗೆ ಕೊಡು.